ನವೋದಯ ಶಾಲೆಯ ಪ್ರವೇಶ ಪರೀಕ್ಷೆಗೆ ಮುಂಚೆ ಮಗುವಿನ ಬುದ್ಧಿ ಪರೀಕ್ಷೆಯ ರಿಪೋರ್ಟ್ ಓದೋದು ಹೇಗೆ?

ಸಿಂಧನೂರಿನ ನಮ್ಮ ಮನೆಗೆ ಮಗಳ ರಿಪೋರ್ಟ್ ಬಂದ ದಿನ ನಮ್ಮತ್ತೆ ಕೇಳಿದರು, "ನೂರಕ್ಕ ನೂರಾಹನ್ನೆರಡು ಹೆಂಗ ಬರ್ತದವಾ?" ಸರಿಯಾದ ಪ್ರಶ್ನೆ. ಅದು ನೂರಕ್ಕೆ ಕೊಟ್ಟ ಅಂಕ ಅಲ್ಲ. ಅದೇ ವಯಸ್ಸಿನ ಮಕ್ಕಳ ಸರಾಸರಿಯನ್ನು 100 ಎಂದು ಇಟ್ಟಿರುತ್ತಾರೆ. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೇ ಬರುತ್ತಾರೆ.

ಪಕ್ಕದಲ್ಲಿ ಪರ್ಸೆಂಟೈಲ್ 79 ಅಂತಿತ್ತು. ಇದು ಪರ್ಸೆಂಟ್ ಅಲ್ಲ. ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 79 ಮಕ್ಕಳು ಇವಳಿಗಿಂತ ಹಿಂದೆ ಇರುತ್ತಾರೆ ಅಂತ.

ಒಂದು ಅಂಕ ನೋಡಿ ರಿಪೋರ್ಟ್ ಮಡಚಿಡಬೇಡಿ. ಒಳಗಿನ ಭಾಗಗಳನ್ನು ಬೇರೆಬೇರೆ ನೋಡಿ. ಅತ್ತೆ ನೋಡಿದ 112 ಆಕೃತಿ ಗುರುತಿಸುವುದರದು, ವೇಗದಲ್ಲಿ ನನ್ನ ಮಗಳದು 88. ಯಾಕೆ ಅಂತ ಅವಳು ಅಭ್ಯಾಸ ಮಾಡುವಾಗ ಪಕ್ಕದಲ್ಲೇ ಕೂತು ನೋಡಿದೆ. ಉತ್ತರ ಥಟ್ಟನೆ ಹೊಳೆಯುತ್ತಿತ್ತು. ಆದರೆ ಓಎಂಆರ್ ಹಾಳೆಯ (ಗೋಲ ತುಂಬಿ ಉತ್ತರ ಗುರುತಿಸುವ ಹಾಳೆ) ಗೋಲವನ್ನು ರಂಗೋಲಿಗೆ ಬಣ್ಣ ತುಂಬಿದ ಹಾಗೆ, ನಾಲಿಗೆ ಕಚ್ಚಿಕೊಂಡು, ಅಂಚಿನವರೆಗೂ ತಿದ್ದುತ್ತಿದ್ದಳು! ನವೋದಯದ ಆರನೇ ತರಗತಿ ಪರೀಕ್ಷೆಯಲ್ಲಿ 80 ಪ್ರಶ್ನೆ, 2 ಗಂಟೆ. ಅದರಲ್ಲಿ 40 ಮಾನಸಿಕ ಸಾಮರ್ಥ್ಯದವು. ಒಂದಕ್ಕೆ ಒಂದೂವರೆ ನಿಮಿಷ ಅಷ್ಟೇ. ಹಾಗಾಗಿ ನಾವು ಹೊಸ ಪಾಠಕ್ಕಿಂತ ಗೋಲ ತುಂಬುವುದನ್ನೇ ಜಾಸ್ತಿ ಅಭ್ಯಾಸ ಮಾಡಿಸಿದೆವು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡ ಅಂತಲೂ ಹೇಳಿದೆ.

ಪರೀಕ್ಷೆ ಯಾವ ಭಾಷೆಯಲ್ಲಿ ಮಾಡಿದರು, ಮಗುವಿಗೆ ಅವತ್ತು ಜ್ವರ ಇತ್ತಾ, ಹಸಿವಿತ್ತಾ? ಇದನ್ನೂ ಕೇಳಿಕೊಳ್ಳಿ. ಎರಡು ಮೂರು ಅಂಕದ ವ್ಯತ್ಯಾಸಕ್ಕೆ ಅರ್ಥವಿಲ್ಲ. ಅಕ್ಕನ ಮಗನ ಅಂಕದ ಜೊತೆ ಹೋಲಿಸುವುದಂತೂ ಬೇಡವೇ ಬೇಡ. ಮಗು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಳ್ತಿರುತ್ತೆ.