ಕ್ಯಾಲೆಂಡರ್ ಮೇಲಿನ ಕೆಂಪು ಗೀಟು: ಜಿಮ್ ಬಗ್ಗೆ ನನ್ನ ಅನುಭವ

ನನ್ನ ಅಂಗಡಿ ಗೋಡೆಯ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ಸಿಲ್ಲಿನ ಗೀಟುಗಳಿವೆ. ಗಿರಾಕಿಗಳು ಅದನ್ನು ಉದ್ರಿ ಲೆಕ್ಕ ಅಂದುಕೊಳ್ಳುತ್ತಾರೆ. ಉದ್ರಿ ಅಲ್ಲ, ಅದು ನನ್ನ ಹಾಜರಿ. ವಾರಕ್ಕೆ ಎರಡೇ ದಿನ ಜಿಮ್, ಅದೂ ಮೂರು ತಿಂಗಳಿಗಷ್ಟೇ ದುಡ್ಡು ಕಟ್ಟುತ್ತೇನೆ ಅಂದಾಗ ಹುಬ್ಬಳ್ಳಿಯ ಉಣಕಲ್ ಕೆರೆಯ ವಾಕಿಂಗ್ ಗೆಳೆಯರು ಎಷ್ಟು ನಕ್ಕಿದ್ದರು ಅಂದರೆ, ಇವತ್ತು ಇದನ್ನು ಬರೆಯದೆ ಇರೋಕೆ ಆಗುತ್ತಿಲ್ಲ.

ಮೊದಲು ಕಳಕೊಂಡಿದ್ದನ್ನು ಹೇಳಿಬಿಡುತ್ತೇನೆ. 2016ರ ಸುಮಾರಿಗೆ ಗೋಕುಲ ರಸ್ತೆ ಕಡೆಯ ಒಂದು ಜಿಮ್ಮಿಗೆ ವರ್ಷದ ಫೀಸು ಅಂತ 9 ಸಾವಿರ ಕಟ್ಟಿದೆ. ಮನೆ ವಿದ್ಯಾನಗರ, ಅಂಗಡಿ ಹಳೇ ಬಸ್ ಸ್ಟ್ಯಾಂಡ್ ಕಡೆ. ರಾತ್ರಿ ಎಂಟೂವರೆಗೆ ಶಟರ್ ಎಳೆದು ಮನೆಗೆ ಹೊರಟವನು ಹೊಸೂರಲ್ಲಿ ಅಡ್ಡ ತಿರುಗಬೇಕು. ಆ ಒಂದು ತಿರುವೇ ನನ್ನನ್ನು ಸೋಲಿಸಿತು. ತಿರುಗಿದ ದಿನವೂ ವಾಪಸ್ ಬರುವಾಗ ಗಿರ್ಮಿಟ್, ಮಿರ್ಚಿ ಗಾಡಿ. ವರ್ಷಕ್ಕೆ ಒಟ್ಟು ಹೋಗಿದ್ದು 19 ದಿನ. ಒಂದು ಸಲಕ್ಕೆ ಹತ್ತಿರ ಹತ್ತಿರ 475 ರೂಪಾಯಿ ಬಿತ್ತು, ಮಿರ್ಚಿ ಬಿಟ್ಟು.

ಆಮೇಲೆ ಪರ್ಸನಲ್ ಟ್ರೇನರ್ ಹುಚ್ಚು. ಮೂರು ತಿಂಗಳಿಗೆ 15 ಸಾವಿರ. ಹುಡುಗ ಒಳ್ಳೆಯವನೇ, ಆದರೆ ಅವಸರ ಜಾಸ್ತಿ. ಐದನೇ ವಾರಕ್ಕೇ, ನೆಲದಿಂದ ರಾಡ್ ಎತ್ತುವ ಡೆಡ್‌ಲಿಫ್ಟ್‌ನಲ್ಲಿ ಪ್ಲೇಟ್ ಮೇಲೆ ಪ್ಲೇಟ್ ಏರಿಸಿದ. ನನಗೂ ಪಕ್ಕದ ಕಾಲೇಜು ಹುಡುಗರ ಮುಂದೆ ಬೇಡ ಅನ್ನೋಕೆ ನಾಚಿಕೆ. ಸೊಂಟ ಹಿಡಿಯಿತು. ಎರಡು ವಾರ ಅಂಗಡಿಯಲ್ಲಿ ಸ್ಟೂಲ್ ಮೇಲೆ ಕೂತು ಬಿಲ್ ಬರೆದೆ. ಉಳಿದ ದುಡ್ಡು ಕೇಳೋಕೆ ಹೋದರೆ ರಸೀದಿಯ ಹಿಂದಿನ ಸಣ್ಣ ಅಕ್ಷರ ತೋರಿಸಿದರು.

ಇದೆಲ್ಲ ಬೇಡ ಅಂತ ಮನೆಗೆ ಟ್ರೆಡ್‌ಮಿಲ್ ತಂದೆ. 30 ಸಾವಿರ ಕೊಟ್ಟ ನೆನಪು. ಮಳೆಗಾಲದಲ್ಲಿ ಅದರ ಮೇಲೆ ಬಟ್ಟೆ ಚೆನ್ನಾಗಿ ಒಣಗುತ್ತಿದ್ದವು. 11 ಸಾವಿರಕ್ಕೆ ಮಾರಿದೆ. ಒಂದು ಡಬ್ಬಿ ಪ್ರೋಟೀನ್ ಪೌಡರಿನ 3 ಸಾವಿರ ಬೇರೆ. ಅದು ಹೊಟ್ಟೆ ಉಬ್ಬರಿಸಿದ್ದು ಬಿಟ್ಟು ಏನೂ ಮಾಡಲಿಲ್ಲ. ಎಲ್ಲ ಸೇರಿಸಿದರೆ 45 ಸಾವಿರಕ್ಕೆ ಸ್ವಲ್ಪ ಮೇಲೆ.

ಮೂರು ವರ್ಷದ ಹಿಂದೆ ಮತ್ತೆ ಜಿಮ್ ಮಾತು ತೆಗೆದಾಗ ನಮ್ಮ ಮನೆಯವರು ಅಂದಿದ್ದು ಒಂದೇ ಮಾತು. "ಮೊದ್ಲ ಎದ್ದು ತೋರಸ್ರಿ, ಆಮ್ಯಾಲೆ ರೊಕ್ಕ ಕಟ್ರಿ." ಸಿಟ್ಟು ಬಂತು. ಆದರೆ ಅಂಗಡಿಯಲ್ಲಿ ಹೊಸ ಹುಡುಗನನ್ನು ಇಟ್ಟುಕೊಳ್ಳುವಾಗ ನಾನು ಮಾಡೋದೂ ಅದೇ ಅಲ್ವಾ? ಎರಡು ತಿಂಗಳು ನೋಡುತ್ತೇನೆ, ಆಮೇಲೆ ಪಗಾರ ಮಾತಾಡುತ್ತೇನೆ. ಹಾಗೇ ನನ್ನನ್ನು ನಾನೇ ಎಂಟು ವಾರ ಟ್ರಯಲ್ ಮೇಲೆ ಇಟ್ಟೆ.

ನಿಯಮ ಸರಳ. ಬೆಳಿಗ್ಗೆ ಐದೂಮುಕ್ಕಾಲಿಗೆ ಚಪ್ಪಲಿ ಬಿಟ್ಟು ಶೂ ಹಾಕಿರಬೇಕು. ಅರ್ಧ ಗಂಟೆ ಏನಾದರೂ ಮಾಡಬೇಕು. ಕೆರೆ ಸುತ್ತ ನಡೆದರೂ ಸರಿ, ಮಹಡಿ ಮೇಲೆ ದಂಡ ಬೈಠಕ್ ಹೊಡೆದರೂ ಸರಿ. ಮಾಡಿದರೆ ಒಂದು ಗೀಟು. 56 ದಿನದಲ್ಲಿ 40 ಗೀಟು ಬಿದ್ದರೆ ಜಿಮ್ ವಿಚಾರ, ಇಲ್ಲದಿದ್ದರೆ ಸುಮ್ನೆ ಇರೋದು. 43 ಬಿದ್ದವು. ಅದರಲ್ಲಿ ಎರಡು ಸ್ವಲ್ಪ ಸುಳ್ಳು. ಜಾತ್ರೆಗೆ ಊರಿಗೆ ಹೋದಾಗ ಗುಡಿ ಮೆಟ್ಟಿಲು ಹತ್ತಿದ್ದನ್ನೂ ಬರೆದುಕೊಂಡಿದ್ದೆ.

ಆ ಎಂಟು ವಾರದಲ್ಲಿ ಇನ್ನೊಂದು ಗೊತ್ತಾಯಿತು. ಉಸಿರಿಗೆ ಜಿಮ್ ಬೇಕಿಲ್ಲ, ನೃಪತುಂಗ ಬೆಟ್ಟ ಸಾಕು. ತಳ್ಳುವ ಕೆಲಸಕ್ಕೂ ಬೇಕಿಲ್ಲ, ದಂಡ ಇದೆ. ಆದರೆ ಎಳೆಯುವ ಕೆಲಸ ಮನೆಯಲ್ಲಿ ಆಗುತ್ತಿರಲಿಲ್ಲ. ದಿನವಿಡೀ ಕೌಂಟರ್ ಮೇಲೆ ಬಾಗಿ ಬಾಗಿ ಬೆನ್ನು ಗೂನಾಗಿತ್ತು. ಕಾಲಿಗೂ ಭಾರ ಬೇಕಿತ್ತು. ಅಂದರೆ ನನಗೆ ಬೇಕಾಗಿದ್ದು ಪೂರ್ತಿ ಜಿಮ್ ಅಲ್ಲ, ಒಂದು ಸ್ಕ್ವಾಟ್ ರ‍್ಯಾಕ್, ಒಂದು ಲ್ಯಾಟ್ ಪುಲ್‌ಡೌನ್, ಒಂದು ಕೇಬಲ್ ರೋ. ಮೊದಲನೇದು ಭಾರ ಹೊತ್ತು ಕೂತು ಏಳೋಕೆ, ಉಳಿದೆರಡು ಭಾರವನ್ನು ಮೇಲಿಂದ ಮತ್ತು ಮುಂದಿನಿಂದ ಎಳೆಯೋಕೆ. ಇಷ್ಟಕ್ಕೆ ವಾರಕ್ಕೆ ಎರಡು ದಿನ ಧಾರಾಳವಾಗಿ ಸಾಕು.

ಈ ಸಲ ಜಿಮ್ ನೋಡೋಕೆ ಹೋಗಿದ್ದು ನಾನು ಹೋಗಬೇಕಾದ ಹೊತ್ತಿಗೇ, ಬೆಳಿಗ್ಗೆ ಆರಕ್ಕೆ. ಮಧ್ಯಾಹ್ನ ಹೋದರೆ ಎಲ್ಲ ಜಿಮ್ಮೂ ಖಾಲಿ, ಎಲ್ಲವೂ ಚೆಂದ. ಮೊದಲ ಕಡೆ ರ‍್ಯಾಕಿಗೆ ನಾಲ್ಕು ಜನ ಕಾಯುತ್ತಿದ್ದರು. ಎರಡನೇದು ಮನೆಯಿಂದ ಅಂಗಡಿಗೆ ಹೋಗುವ ದಾರಿಯಲ್ಲೇ ಇತ್ತು. ತಗಡಿನ ಶೀಟು, ಎಸಿ ಇಲ್ಲ, ಕನ್ನಡಿಗೊಂದು ಬಿರುಕು. ಅದನ್ನೇ ಹಿಡಿದೆ. ವರ್ಷಕ್ಕಾದರೆ 10 ಸಾವಿರ, ಮೂರು ತಿಂಗಳಿಗಾದರೆ 4 ಸಾವಿರ ಅಂದರು. ಎಲ್ಲರೂ ವರ್ಷದ್ದೇ ಅಗ್ಗ ಅಂತಾರೆ. ನಾನು 19 ದಿನದ ಮನುಷ್ಯ, ನನಗೆ ಅದು ಅಗ್ಗ ಅಲ್ಲ. ವಾರಕ್ಕೆ ಎರಡರಂತೆ ಮೂರು ತಿಂಗಳಿಗೆ 24 ಸಲ ಹೋದರೆ, ಸಲಕ್ಕೆ ಸುಮಾರು 165 ಬೀಳುತ್ತೆ. ಈಗ ಕೊಡುವುದು 4 ಸಾವಿರಕ್ಕಿಂತ ಕಡಿಮೆ. ಹೇಗೆ ಇಳಿಸಿಕೊಂಡೆ ಅನ್ನೋದನ್ನು ಬರೆಯಲ್ಲ. ಬರೆದರೆ ಮುಂದಿನ ಸಲ ನನಗೇ ಇಳಿಸಲ್ಲ.

"ಅಂಕಲ್, ಎರಡ ದಿನಕ್ಕ ಏನೂ ಆಗಂಗಿಲ್ರಿ" ಅಂದ ಅಲ್ಲಿನ ಹುಡುಗ. ಸರಿ ಅಂತ ಮೊದಲ ತಿಂಗಳು ಅವನ ಮಾತು ಕೇಳಿ ವಾರಕ್ಕೆ ಆರು ದಿನ ಹೋದೆ. ಬಲಗಡೆ ಭುಜ ಹಿಡಿದು ಅಂಗಿ ತೋಳು ಏರಿಸೋದೂ ಕಷ್ಟ ಆಯಿತು. ಮತ್ತೆ ಎರಡಕ್ಕೇ ಬಂದೆ.

ಆ ಭುಜ ನನ್ನನ್ನು ಎಲ್ಲಿಗೋ ಕರೆದುಕೊಂಡು ಹೋಯಿತು. ಹಳೇ ಹುಬ್ಬಳ್ಳಿ ಕಡೆ ಒಂದು ಗರಡಿ ಮನೆಯಲ್ಲಿ ಎಪ್ಪತ್ತು ದಾಟಿದ ಪೈಲ್ವಾನ್ ಕಾಕಾ ಇದ್ದಾರೆ. ಅವರು ಲೋಡು, ಅಂದರೆ ಗದೆಯಂಥ ಮರದ ತುಂಡು, ತಿರುಗಿಸೋದು ನೋಡಿ ಬಡಿಗನ ಹತ್ತಿರ ಒಂದು ಜೋಡಿ ಮಾಡಿಸಿದೆ, ಒಂದೊಂದು 4 ಕಿಲೋ ಇರಬಹುದು. ಮೊದಲ ದಿನವೇ ಹಿತ್ತಲಲ್ಲಿ ಬೀಸಿ ತುಳಸಿ ಕಟ್ಟೆಯ ಮೂಲೆ ಒಡೆದೆ. ಇವತ್ತಿಗೂ ಮನೆಯವರು ರಂಗೋಲಿ ಹಾಕುವಾಗ ಆ ಮುರಿದ ಮೂಲೆಗೆ ಒಂದು ಚುಕ್ಕಿ ಜಾಸ್ತಿ ಇಡುತ್ತಾರೆ, ನನಗೆ ಕಾಣಲಿ ಅಂತ. ಕಾಕಾ ನನ್ನ ಬೀಸು ನೋಡಿ, "ತಮ್ಮಾ, ತೋಳಿಂದ ಎಳೀಬ್ಯಾಡ, ಅದನ್ನ ತೂಗಾಕ ಬಿಡು" ಅಂದರು. ಲೋಡು ಬೆನ್ನ ಹಿಂದೆ ಇಳಿಯುವಾಗ ಹಿಡಿ ಸ್ವಲ್ಪ ಸಡಿಲಿಸಬೇಕು. ಆಗ ಭಾರ ತಾನೇ ಸುತ್ತು ಹಾಕಿಕೊಂಡು ಮುಂದೆ ಬರುತ್ತೆ, ನಾವು ದಾರಿ ತೋರಿಸಿದರೆ ಸಾಕು. ಎರಡು ತಿಂಗಳಲ್ಲಿ ಭುಜದ ನೋವು ಹೋಯಿತು. ಎಷ್ಟು ಸುತ್ತು, ಯಾವ ಕೈ ಮೊದಲು ಅನ್ನೋದು ಕಾಕಾನ ಗುಟ್ಟು, ನನ್ನ ಬಾಯಿಂದ ಬೇಡ.

ಈಗಿನ ವಾರ ಹೀಗೆ ನಡೆಯುತ್ತೆ. ಸೋಮವಾರ, ಗುರುವಾರ ಜಿಮ್, 50 ನಿಮಿಷ. ಮಂಗಳವಾರ, ಶನಿವಾರ ಕೆರೆ ಸುತ್ತ ಮಾತಾಡೋಕೆ ಕಷ್ಟ ಆಗುವಷ್ಟು ಜೋರಾಗಿ ನಡಿಗೆ. ಬುಧವಾರ ಲೋಡು, ದಂಡ, ಸ್ವಲ್ಪ ಮೈ ಸಡಿಲಿಸೋದು. ಶುಕ್ರವಾರ ಏನೂ ಇಲ್ಲ. ಭಾನುವಾರ ಮಗಳ ಜೊತೆ ನೃಪತುಂಗ ಬೆಟ್ಟ. ಶುರುವಿನಲ್ಲಿ ಬೆಟ್ಟ ಹತ್ತಿ ಓಡುತ್ತಾ ಇಳಿದು ಮಂಡಿ ಕೆಡಿಸಿಕೊಂಡಿದ್ದೆ. ಈಗ ಹತ್ತೋದು ಜೋರು, ಇಳಿಯೋದು ಅಡ್ಡಡ್ಡ ಹೆಜ್ಜೆ ಹಾಕುತ್ತಾ ನಿಧಾನ. ಬ್ರಶ್ ಮಾಡುವಾಗ ಒಂಟಿ ಕಾಲಲ್ಲಿ ನಿಲ್ಲೋದನ್ನೂ ಸೇರಿಸಿದ್ದೇನೆ. ಮಗಳು ಫೋಟೋ ತೆಗೆದು ಮನೆಯ ಗ್ರೂಪಿಗೆ ಹಾಕಿದ್ದಾಳೆ. ಹಾಕಲಿ.

ಊಟದಲ್ಲಿ ಏನೂ ದೊಡ್ಡದು ಮಾಡಲಿಲ್ಲ. ನಮ್ಮ ಮನೆಯೊಳಗೆ ಮೊಟ್ಟೆ ಬರಲ್ಲ. ರೊಟ್ಟಿ ಮೂರರಿಂದ ಎರಡಾಯಿತು, ಮಡಿಕೆ ಕಾಳಿನ ಪಲ್ಯ ಎರಡು ಪಾಲಾಯಿತು, ಮೊಸರು ದೊಡ್ಡ ಬಟ್ಟಲಾಯಿತು. ಶೇಂಗಾ ಚಟ್ನಿ ಮೊದಲಿಂದಲೂ ಇತ್ತು.

ತೂಕ ಇಳಿದಿದ್ದು ನಾಲ್ಕೇ ಕಿಲೋ. ಕೆರೆಯ ಗೆಳೆಯರು ಅದನ್ನೇ ಹಿಡಿದು ಆಡಿಕೊಂಡರು. ಆದರೆ ಪ್ಯಾಂಟು 38ರಿಂದ 35ಕ್ಕೆ ಬಂದಿದೆ. ಖಾಲಿ 20 ಕಿಲೋ ರಾಡ್ ಹೊತ್ತು ನಡುಗುತ್ತಿದ್ದವನು ಈಗ 70 ಕಿಲೋ ಹೊತ್ತು ಐದು ಸಲ ಕೂತು ಏಳುತ್ತೇನೆ, ವಯಸ್ಸು 48. ಹೋದ ತಿಂಗಳು ಬೇರಿಂಗ್ ಡಬ್ಬಿಗಳ ಪೆಟ್ಟಿಗೆ ಲಾರಿಯಿಂದ ಇಳಿಸುವಾಗ ಹುಡುಗರು "ನೀವು ಬಿಡ್ರಿ ಮಾಲಕ್ರ" ಅಂದರು. ಅವರು ಇಬ್ಬರು ಹಿಡಿದಿದ್ದನ್ನು ನಾನೊಬ್ಬನೇ ಒಳಗೆ ಇಟ್ಟು ಬಂದೆ. ಅವತ್ತು ಎರಡು ಚಹಾ ಜಾಸ್ತಿ ತರಿಸಿದೆ.

ಈ ತಿಂಗಳು 20ಕ್ಕೆ ಮೂರು ತಿಂಗಳು ಮುಗಿಯುತ್ತೆ. ಜಿಮ್ಮಿನ ಗೀಟು 22 ಆಗಿವೆ. ಇನ್ನೆರಡು ಬಿದ್ದು 24 ಆದರೆ ಮತ್ತೆ ಕಟ್ಟುತ್ತೇನೆ. ಗುರುವಾರ ಮದುವೆ ಇದೆ, ನೋಡಬೇಕು.