ಸೆಮಿ ಮಾಡ್ಯುಲರ್ ಸಿಂಥ್ ಕೊಳ್ಳುವ ಮೊದಲು

ಗಲ್ಫ್‌ನಿಂದ ಊರಿಗೆ ಬಂದವರು ತಂದ ಸೆಮಿ ಮಾಡ್ಯುಲರ್ ಸಿಂಥ್, ಅಂದರೆ ಕೇಬಲ್ ಚುಚ್ಚಿ ಒಳಗಿನ ಜೋಡಣೆ ಬದಲಿಸಬಹುದಾದ ಎಲೆಕ್ಟ್ರಾನಿಕ್ ವಾದ್ಯ, ಕುಂಬಳೆಯಲ್ಲೋ ಉಪ್ಪಳದಲ್ಲೋ ಮಾರಾಟಕ್ಕಿದೆ ಎಂದು ಗೊತ್ತಾದರೆ ಸಾಕು, ನಮ್ಮ ಹುಡುಗರು ನಾಲ್ಕು ಗುಂಡಿ ತಿರುಗಿಸಿ, ‘ಸೌಂಡ್ ಬರ್ತದೆ’ ಎಂದು ದುಡ್ಡು ಕೊಟ್ಟು ಬರುತ್ತಾರೆ. ಸೌಂಡ್ ಕೆಟ್ಟದ್ದರಲ್ಲೂ ಬರುತ್ತದೆ!

1. ನಿಮಗದು ಬೇಕಾ ಯೋಚಿಸಿ. ಉದಾಹರಣೆಗೆ, ಮೂಗ್ ಮದರ್-32 ಎಂಬ ಸಿಂಥ್ ಒಂದು ಸಲಕ್ಕೆ ನುಡಿಸುವುದು ಒಂದೇ ಸ್ವರ. ಗುಂಡಿಗಳನ್ನು ಎಲ್ಲೆಲ್ಲಿ ಇಟ್ಟಿದ್ದಿರಿ ಎಂಬುದು ಅದಕ್ಕೆ ನೆನಪಿರುವುದಿಲ್ಲ. ಗಾನಮೇಳಕ್ಕೆ, ಭಜನೆಗೆ ಸುಮ್ನೆ ಕೀಬೋರ್ಡ್ ತಗೊಳ್ಳಿ. ಆಸೆ ಬಿಡದಿದ್ದರೆ ಮೊದಲು ಲ್ಯಾಪ್‌ಟಾಪಿನಲ್ಲಿ ವಿಸಿವಿ ರ‍್ಯಾಕ್ ಎಂಬ ಸಿಂಥ್ ಸಾಫ್ಟ್‌ವೇರ್ ಹಾಕಿ ಕಲಿಯಿರಿ, ಅದು ಉಚಿತ.

2. ಆನ್ ಮಾಡಿ ಇಪ್ಪತ್ತು ನಿಮಿಷ ಬಿಡಿ. ಬಿಸಿಯಾಗುವ ತನಕ ಶ್ರುತಿ ಜಾರುತ್ತದೆ.

3. ಫೋನಿನ ಟ್ಯೂನರ್ ಇಟ್ಟು 220 ಹರ್ಟ್ಜ್‌ಗೆ ಶ್ರುತಿ ಮಾಡಿ. ಒಂದೊಂದೇ ಆಕ್ಟೇವ್ (ಸ್ಥಾಯಿ) ಏರಿದಾಗ 440, 880 ಬರಬೇಕು. ಮೇಲೆ ಹೋದಷ್ಟೂ ತಪ್ಪು ಜಾಸ್ತಿಯಾದರೆ ಟ್ಯೂನ್ ಗುಂಡಿಯಿಂದ ಸರಿಯಾಗದು, ಒಳಗಿನ ಟ್ರಿಮ್ಮರ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ಗುಂಡಿ) ಮುಟ್ಟಬೇಕು. ಯಾವ ಸ್ವರ ಎಂದು ಸಿಂಥಿಗೆ ತಿಳಿಸುವುದು ವೋಲ್ಟೇಜ್. ಹೆಚ್ಚಿನವು ಆಕ್ಟೇವ್‌ಗೆ ಒಂದು ವೋಲ್ಟ್ ಲೆಕ್ಕದವು, ಅಂದರೆ ಅರ್ಧ ಸ್ವರಕ್ಕೆ ಸುಮಾರು 83 ಮಿಲಿವೋಲ್ಟ್. ಹತ್ತು ಮಿಲಿವೋಲ್ಟ್ ತಪ್ಪಿದರೂ ಕಿವಿಗೆ ಗೊತ್ತಾಗುತ್ತದೆ. ಕೋರ್ಗ್ ಎಂಎಸ್-20 ಮಿನಿಯ ಲೆಕ್ಕ ಬೇರೆ, ಹರ್ಟ್ಜ್‌ಗೆ ಇಷ್ಟು ವೋಲ್ಟ್ ಅಂತ. ಬೇರೆ ಸಿಂಥ್‌ಗೆ ಜೋಡಿಸಿದಾಗ ಅಪಸ್ವರ ಬಂದರೆ ಅದು ಕೆಟ್ಟಿದೆ ಎಂದಲ್ಲ.

4. ಜನ ಸೋಲುವುದು ಕೇಬಲ್ ಚುಚ್ಚುವ ತೂತುಗಳಲ್ಲಿ, ಅಂದರೆ ಜಾಕ್‌ಗಳಲ್ಲಿ. ಸೆಮಿ ಮಾಡ್ಯುಲರಿನಲ್ಲಿ ವೈರಿಂಗ್ ಒಳಗೇ ಇರುತ್ತದೆ, ಕೇಬಲ್ ಇಲ್ಲದೆಯೂ ನುಡಿಯುತ್ತದೆ. ಇನ್‌ಪುಟ್‌ಗೆ ಕೇಬಲ್ ಚುಚ್ಚಿದರೆ ಸಾಮಾನ್ಯವಾಗಿ ಒಳಗಿನ ಸಂಪರ್ಕ ಕಡಿಯುತ್ತದೆ, ತೆಗೆದರೆ ಮತ್ತೆ ಕೂಡುತ್ತದೆ. ಇದನ್ನು ಮಾಡುವುದು ಜಾಕಿನೊಳಗಿನ ಪುಟ್ಟ ಲೋಹದ ನಾಲಗೆ. ನಮ್ಮ ಕಡಲ ಕರೆಯ ಉಪ್ಪುಗಾಳಿಗೆ, ಮಳೆಗಾಲದ ಥಂಡಿಗೆ ಅದು ಕಿಲುಬು ಹಿಡಿಯುತ್ತದೆ. ಆಗ ಕೇಬಲ್ ತೆಗೆದರೂ ಸೌಂಡ್ ವಾಪಸ್ ಬರುವುದಿಲ್ಲ, ಬಂದರೂ ಕರಕರ ಎನ್ನುತ್ತದೆ.

ಒಂದು ಸ್ವರ ನಿಲ್ಲದೆ ನುಡಿಯುವಂತೆ ಮಾಡಿ. ಇನ್ನೊಂದು ತುದಿ ಖಾಲಿ ಬಿಟ್ಟ ಕೇಬಲನ್ನು ಒಂದೊಂದೇ ಇನ್‌ಪುಟ್‌ಗೆ ಚುಚ್ಚಿ, ಮೆಲ್ಲ ಅಲ್ಲಾಡಿಸಿ, ತೆಗೆಯಿರಿ, ಕೇಳಿ. ಕೆಲವು ಜಾಕ್ ಸಂಪರ್ಕ ಕಡಿಯುವುದಿಲ್ಲ, ಹೊರಗಿನದನ್ನೂ ಒಳಗಿನದಕ್ಕೆ ಸೇರಿಸುತ್ತವೆ. ಯಾವುದು ಹೇಗೆ ಎಂದು ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಆಮೇಲೆ ಔಟ್‌ಪುಟ್‌ಗಳಿಂದ ಒಂದೊಂದಾಗಿ ಯಾವುದಾದರೂ ಇನ್‌ಪುಟ್‌ಗೆ ಕೇಬಲ್ ಜೋಡಿಸಿ ನೋಡಿ. ಬೆಹ್ರಿಂಗರ್ ನ್ಯೂಟ್ರಾನಿನಲ್ಲಿ ಒಟ್ಟು 56 ಜಾಕ್. ಮಾರುವವರು ಚಾ ಕೊಟ್ಟು ಮಾತಿಗೆಳೆದರೂ ಅಷ್ಟನ್ನೂ ನೋಡಿಯೇ ಏಳಿ. ‘ಸ್ಪ್ರೇ ಹೊಡೆದರೆ ಸರಿಯಾಗ್ತದೆ’ ಎಂದರೆ ನಂಬಬೇಡಿ. ಕೀಲಿಗೆ, ಸೈಕಲ್ ಚೈನಿಗೆ ಹೊಡೆಯುವ ಸ್ಪ್ರೇಯಂತೂ ಹತ್ತಿರ ತರಲೇಬೇಡಿ.

5. ಗುಂಡಿಗಳನ್ನೆಲ್ಲ ಕೊನೆಯಿಂದ ಕೊನೆಗೆ ತಿರುಗಿಸಿ, ಕರಕರ ಎನ್ನುತ್ತವಾ ಕೇಳಿ.

6. ಅಡಾಪ್ಟರ್ ಜೊತೆಗಿಲ್ಲವಾ? ಬೆಲೆ ಇಳಿಸಿ. ಪೇಟೆಯ ಅಗ್ಗದ ಅಡಾಪ್ಟರ್ ಚುಚ್ಚುವ ಮೊದಲು ವೋಲ್ಟ್, ಆಂಪಿಯರ್, ಪಿನ್ನಿನ ಪ್ಲಸ್ ಒಳಗೋ ಹೊರಗೋ ಎಂಬ ಗುರುತು, ಮೂರನ್ನೂ ಸಿಂಥಿನ ಮೇಲೆ ಬರೆದದ್ದರ ಜೊತೆ ತಾಳೆ ನೋಡಿ. ಕೇಬಲ್‌ಗಳ ಖರ್ಚನ್ನೂ ಸೇರಿಸಿ ಚೌಕಾಸಿ ಮಾಡಿ.