ಏರೋಟರ್ ಸದ್ದಿನಿಂದ ಕಿವಿಯನ್ನು ಕಾಪಾಡಿಕೊಳ್ಳಲು ನಾನು ಮಾಡಿಕೊಂಡ ಏರ್ಪಾಡು

ದಂತವೈದ್ಯರಾದ ನಾವು ಬೆನ್ನು, ಕತ್ತಿನ ನೋವಿನ ಬಗ್ಗೆ ಮಾತನಾಡಿದಷ್ಟು ಕಿವಿಯ ಬಗ್ಗೆ ಮಾತನಾಡುವುದಿಲ್ಲ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿರುವ ನನ್ನ ಕ್ಲಿನಿಕ್ಕಿನದು ಎರಡೇ ಕೋಣೆ. ನೆಲ, ಗೋಡೆಗಳೆಲ್ಲ ಟೈಲ್ಸ್ ಆಗಿರುವುದರಿಂದ ಸದ್ದನ್ನು ಹೀರಿಕೊಳ್ಳುವಂಥದ್ದು ಅಲ್ಲಿ ಏನೂ ಇರಲಿಲ್ಲ. ಸಂಜೆ ಮನೆಗೆ ಬಂದ ಮೇಲೂ ಕಿವಿಯಲ್ಲಿ ಸಣ್ಣಗೆ ಗುಂಯ್‌ಗುಡುತ್ತಿದ್ದುದರಿಂದ, ಏರೋಟರ್ (ಗಾಳಿಯ ಒತ್ತಡದಿಂದ ತಿರುಗಿ ಹಲ್ಲು ಕೊರೆಯುವ ಯಂತ್ರ) ಮತ್ತಿತರ ಯಂತ್ರಗಳ ಸದ್ದು ಎಷ್ಟಿದೆಯೆಂದು ಅಳೆದೇ ನೋಡಬೇಕೆನಿಸಿತು.

ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಐಫೋನಿಗೆ ಉಚಿತವಾಗಿ ಕೊಟ್ಟಿರುವ, ಸದ್ದು ಅಳೆಯುವ ಆ್ಯಪನ್ನು ಬಳಸಿ, ಫೋನನ್ನು ನನ್ನ ಕಿವಿಯ ಮಟ್ಟಕ್ಕೆ ಹಿಡಿಸಿ, ಒಂದೊಂದೇ ಯಂತ್ರವನ್ನು ಓಡಿಸಿದೆ. ಆ ಸಂಸ್ಥೆಯ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧವಾಗುತ್ತದೆ, ಅಂದರೆ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ನನ್ನ ಹೊಸ ಏರೋಟರ್ 70ರ ಆಸುಪಾಸಿನಲ್ಲಿದ್ದರೆ ಹಳೆಯದು 80 ದಾಟಿತು. ಸ್ಕೇಲರ್ (ಹಲ್ಲಿನ ಮೇಲೆ ಗಟ್ಟಿಯಾದ ಕೊಳೆ ತೆಗೆಯುವ ಯಂತ್ರ) ಮತ್ತು ಸಕ್ಷನ್ (ಬಾಯಿಯ ನೀರು ಹೀರುವ ಕೊಳವೆ) ಒಟ್ಟಿಗೆ ಓಡಿದಾಗ 85ರ ಹತ್ತಿರಕ್ಕೆ ಹೋಯಿತು. ದಿನವಿಡೀ ಓಡುವುದಿಲ್ಲವಾದ್ದರಿಂದ ಇದು ಮಿತಿಯೊಳಗೇ ಇದೆಯೆಂದು ವಾದಿಸಬಹುದು. ಆದರೆ ಈ ತೀಕ್ಷ್ಣ ಸ್ವರವನ್ನು ನಾವು ಅಡಿಯಷ್ಟು ದೂರದಿಂದ ದಶಕಗಟ್ಟಲೆ ಕೇಳುತ್ತೇವೆ, ಒಳಗಿವಿಯ ರೋಮಕೋಶಗಳೋ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ನನಗೆ ಆ ವಾದ ಒಪ್ಪಿಗೆಯಾಗಲಿಲ್ಲ.

ಹೆಚ್ಚು ಫಲ ಸಿಕ್ಕಿದ್ದು ಏರೋಟರ್ ಆರೈಕೆಯಿಂದಲೇ. ಬರ್ (ಹಲ್ಲು ಕೊರೆಯುವ ಮೊನೆ) ಸಿಕ್ಕಿಸಿ ಬೆರಳಿನಿಂದ ಅಲುಗಿಸಿದಾಗ ಅದು ಅಕ್ಕಪಕ್ಕ ಓಲಾಡಿದರೆ, ಪೆಡಲ್ ಬಿಟ್ಟಾಗ ನುಣ್ಣಗೆ ನಿಲ್ಲದೆ ಕರಕರ ಎಂದು ನಿಂತರೆ, ಬೇರಿಂಗ್ ಸವೆದಿದೆ ಎಂದೇ ಅರ್ಥ. ಈಗ ಅಂಥ ಬೇರಿಂಗ್ ಇರುವ ಒಳಭಾಗವನ್ನು, ಅಂದರೆ ಕಾರ್ಟ್ರಿಡ್ಜನ್ನು, ತಡಮಾಡದೆ ಬದಲಿಸುತ್ತೇನೆ. ಹಬೆಯಿಂದ ಕ್ರಿಮಿನಾಶ ಮಾಡುವ ಆಟೋಕ್ಲೇವ್‌ಗೆ ಹಾಕುವ ಮುನ್ನ ಎಣ್ಣೆ ಬಿಡುವುದನ್ನು ತಪ್ಪಿಸುವುದಿಲ್ಲ. ಬೇಗ ಕೊರೆಯಲೆಂದು ಗಾಳಿಯ ಒತ್ತಡವನ್ನು ಏರಿಸಿಕೊಳ್ಳುವ ರೂಢಿ ಹಲವರಲ್ಲಿದೆ. ಅದರಿಂದ ಸದ್ದೂ ಹೆಚ್ಚು, ಬೇರಿಂಗಿಗೂ ಕೇಡು.

ಏರೋಟರಿಗೆ ಗಾಳಿ ಒದಗಿಸುವ ಕಂಪ್ರೆಸರನ್ನು ಹಿಂದಿನ ಬಾಲ್ಕನಿಗೆ ಸಾಗಿಸಿ, ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಹಾಕಿಸಿದೆ. "ಮೇಡಂ, ಮೊದಲೆಲ್ಲ ಅದು ಆಫ್ ಆದ್ಮೇಲೇ ಪೇಷೆಂಟ್ ಹೇಳೋದು ಕೇಳ್ಸ್ತಿತ್ತು" ಎಂದು ನಮ್ಮ ಸಹಾಯಕಿ ಆಗ ಹೇಳಿದಳು. ದಿನವಿಡೀ ಸಕ್ಷನ್ ಹಿಡಿದು ನಿಲ್ಲುವವಳು ಅವಳೇ ಆದ್ದರಿಂದ, ಕಿವಿ ರಕ್ಷಣೆಯ ಯಾವ ಏರ್ಪಾಡೂ ಅವಳನ್ನು ಬಿಟ್ಟು ಆಗಬಾರದು.

ಫೋಮ್ ಇಯರ್‌ಪ್ಲಗ್ ಹಾಕಿಕೊಂಡರೆ ರೋಗಿಯ ಮಾತೂ ಮುಚ್ಚಿಹೋಗುತ್ತದೆ. ಸಂಗೀತಗಾರರು ಬಳಸುವ ಫಿಲ್ಟರ್ ಇಯರ್‌ಪ್ಲಗ್ ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವುದರಿಂದ, ಸ್ಕೇಲಿಂಗ್ ಮತ್ತು ಕ್ರೌನ್ ಕಟಿಂಗ್ (ಕವಚ ಕೂರಿಸಲು ಹಲ್ಲನ್ನು ತೇಯುವುದು) ವೇಳೆ ಇಬ್ಬರೂ ಅದನ್ನೇ ಧರಿಸುತ್ತೇವೆ.

ಸದ್ದಿನಿಂದಾಗುವ ಹಾನಿ ಮೊದಲು 3000ದಿಂದ 6000 ಹರ್ಟ್ಸ್ ನಡುವೆ, ಸಾಮಾನ್ಯವಾಗಿ 4000ದ ಬಳಿ ಒಂದು ತಗ್ಗಾಗಿ ಶ್ರವಣ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಂನಲ್ಲಿ ಕಾಣಿಸುತ್ತದೆ. ಆ ಹಂತದಲ್ಲಿ ದಿನದ ಮಾತುಕತೆ ಚೆನ್ನಾಗಿಯೇ ಕೇಳಿಸುವುದರಿಂದ ನಮಗೆ ಸುಳಿವೇ ಸಿಗುವುದಿಲ್ಲ. ಆದ್ದರಿಂದ ಇಬ್ಬರಿಗೂ ಕ್ಲಿನಿಕ್ಕಿನ ಖರ್ಚಿನಲ್ಲೇ ಪರೀಕ್ಷೆ ಮಾಡಿಸಿ, ವರದಿಗಳನ್ನು ಮುಂದಿನವುಗಳೊಡನೆ ಹೋಲಿಸಲೆಂದು ಫೈಲಿನಲ್ಲಿಟ್ಟಿದ್ದೇನೆ. ದಿನದ ಕೆಲಸದಿಂದ ಕಿವಿಗೆ ತಾತ್ಕಾಲಿಕ ಮಂದತೆ ಬಂದಿರಬಹುದಾದ ಕಾರಣ, ಈ ಪರೀಕ್ಷೆಯನ್ನು ಭಾನುವಾರದ ರಜೆ ಕಳೆದು ಸೋಮವಾರ ಬೆಳಿಗ್ಗೆ, ಏರೋಟರ್ ಮುಟ್ಟುವ ಮೊದಲೇ ಮಾಡಿಸುವುದು ಒಳ್ಳೆಯದು.